ಎರಡು ಪಂಚಾಂಗ, ಮೂರು ಅರ್ಜಿ

ನನಗೆ ಸಿಟ್ಟು ಜಾಸ್ತಿ ಅಂತ ಮದರಾಸಿನ ಪುರಸೈವಾಕ್ಕಂನ ಅರ್ಧ ಪಾತ್ರೆ ಅಂಗಡಿಯವರು ಹೇಳುತ್ತಾರೆ. ಹೇಳಲಿ. ಅವರಲ್ಲಿ ಯಾರನ್ನಾದರೂ ನಮ್ಮವ್ವನ ಜೊತೆ ಒಂದು ಆಷಾಢ ಇರಲು ಬಿಡಬೇಕು. ಆಮೇಲೆ ಮಾತಾಡೋಣ ಸಿಟ್ಟಿನ ವಿಷಯ.

ಇದು ನಡೆದದ್ದು 2006ರಲ್ಲಿ. ನನಗಾಗ ಇಪ್ಪತ್ತನಾಲ್ಕು. ಒಂಬತ್ತನೇ ಕ್ಲಾಸಿನಲ್ಲಿ ಲೆಕ್ಕದ ಮೇಷ್ಟ್ರು ನನ್ನ ಕಿವಿ ಹಿಂಡಿದರು, ನಾನು ಅವರ ಸೈಕಲ್ಲಿನ ಗಾಳಿ ಬಿಟ್ಟೆ, ಅವರು ನನ್ನ ಟಿ.ಸಿ. ಬರೆಸಿದರು. ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು. ಆವತ್ತಿನಿಂದ ಗಂಗಾಧರಣ್ಣನ ಲೋಡು ವ್ಯಾನಿನಲ್ಲಿ ಕ್ಲೀನರ್, ಮೀಸೆ ಬಂದಮೇಲೆ ಡ್ರೈವರ್. ಪುರಸೈವಾಕ್ಕಂ ಅಂಗಡಿಗಳಿಂದ ಗ್ರೈಂಡರು, ಕಬ್ಬಿಣದ ಬೀರು, ಮದುವೆ ಪಾತ್ರೆ ಹೇರಿಕೊಂಡು ಎಣ್ಣೂರಿನ ತನಕ ಮನೆಮನೆಗೆ ಇಳಿಸುವುದು ನನ್ನ ಕೆಲಸ. ವ್ಯಾನಿನ ಮೂರನೇ ಗೇರು ಯಾವಾಗ ಮುನಿಸಿಕೊಳ್ಳುತ್ತೆ ಅಂತ ಗಂಗಾಧರಣ್ಣನಿಗೂ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಜೂನ್ ತಿಂಗಳಲ್ಲಿ ಒಂದು ದಿನ ಗಂಗಾಧರಣ್ಣ ಟೀ ಕುಡಿಯುತ್ತ ಹೇಳಿದರು: "ರಂಜಾ, ನಾನು ದೊಡ್ಡ ಲಾರಿಗೆ ಹೋಗ್ತಿದೀನಿ. ಈ ವ್ಯಾನು ನಿನಗೇ ಕೊಡೋಣ ಅಂತ. ಒಂದು ಲಕ್ಷ ಇಪ್ಪತ್ತು."

ನನ್ನ ಕೈಯಲ್ಲಿದ್ದ ಬೋಂಡಾ ಹಾಗೇ ನಿಂತಿತು. "ಯಾವಾಗ ಅಣ್ಣಾ?"

"ತಮಿಳರ ಆಡಿ ತಿಂಗಳು ಕಳೀಲಿ. ಆಗಸ್ಟ್ ಹದಿನೆಂಟು, ಅದಾದ ಮೇಲಿನ ಮೊದಲನೇ ಶುಕ್ರವಾರ. ಮಧ್ಯಾಹ್ನ ಹನ್ನೆರಡರ ಒಳಗೆ ಬ್ಯಾಂಕಿನ ಸಾಲದ ಕಾಗದ ತಂದು ತೋರಿಸು. ಹನ್ನೆರಡೂವರೆಗೆ ತಾಂಬರಂ ಪಾರ್ಟಿ ಕಾಸು ಹಿಡ್ಕೊಂಡು ಬರ್ತಾನೆ. ನೀನು ಬಂದಿರ್ಲಿಲ್ಲ ಅಂದ್ರೆ ಅವನಿಗೆ. ಆಮೇಲೆ ನನ್ನ ಮೇಲೆ ಕೂಗಾಡ್ಬೇಡ."

ಹನ್ನೊಂದು ವರ್ಷ ನಾನು ತೊಳೆದು ಒರೆಸಿದ ವ್ಯಾನು ತಾಂಬರಂನವನಿಗೆ! ಆವತ್ತೇ ತೀರ್ಮಾನ ಮಾಡಿದೆ.

ಅಡ್ಡಿ ಒಂದೇ. ನನ್ನ ಹತ್ತಿರ ಒಂದು ಕ್ರೆಡಿಟ್ ಕಾರ್ಡಿತ್ತು. ಎರಡು ವರ್ಷದ ಹಿಂದೆ ಪೆಟ್ರೋಲ್ ಬಂಕಿನಲ್ಲಿ ಬಾಬು ಕೊಡಿಸಿದ್ದು. ಬಾಬು ಹೊಸೂರಿನವನು, ಕಾರ್ಡು ಮಾರುವವನು. ಕತ್ತಿಗೆ ಟೈ, ಕಾಲಿಗೆ ಹವಾಯಿ ಚಪ್ಪಲಿ. ಕಾರ್ಡಿನ ಜೊತೆ ಒಂದು ಬ್ಯಾಗು ಫ್ರೀ ಅಂದಿದ್ದ. ಬ್ಯಾಗಿನ ಜಿಪ್ಪು ಮೂರು ದಿನಕ್ಕೆ ಹೋಯಿತು, ಕಾರ್ಡಿನ ಸಾಲ ಮೂವತ್ತಾರು ಸಾವಿರಕ್ಕೆ ಬಂತು. ತಂಗಿ ಜ್ಯೋತಿಯ ಕಂಪ್ಯೂಟರ್ ಕೋರ್ಸು, ಒಂದು ಟಿ.ವಿ., ಕ್ಯಾಮೆರಾ ಇರೋ ಫೋನು. ಮಿಕ್ಕಿದ್ದು ಹೇಗಾಯಿತೆಂದು ಇವತ್ತಿಗೂ ಗೊತ್ತಿಲ್ಲ. ತಿಂಗಳಿಗೆ ಬಡ್ಡಿಯೇ ಸಾವಿರ ಚಿಲ್ಲರೆ.

ಈ ಸಾಲ ಇಟ್ಟುಕೊಂಡು ವ್ಯಾನಿನ ಕಂತು ಹೇಗೆ ಕಟ್ಟೋದು ಅಂತ ಬಾಬುವನ್ನು ಹಿಡಿದು ಕೇಳಿದೆ. ಅವನ ಕಣ್ಣು ಅರಳಿತು.

"ಬ್ಯಾಲೆನ್ಸ್ ಟ್ರಾನ್ಸ್‌ಫರ್ ಮಚ್ಚಾ! ಈ ಕಾರ್ಡಿನ ಸಾಲ ಎತ್ತಿ ಹೊಸ ಕಾರ್ಡಿಗೆ ಹಾಕೋದು. ಆರು ತಿಂಗಳು ಬಡ್ಡಿ ಸೊನ್ನೆ."

"ಆರು ತಿಂಗಳಾದ ಮೇಲೆ?"

"ಇನ್ನೊಂದು ಕಾರ್ಡು."

"ಅದಾದ ಮೇಲೆ?"

"ಅಷ್ಟರಲ್ಲಿ ನೀನು ಓನರ್ ಆಗಿರ್ತೀಯ. ನನ್ನ ಮುಖಾನೂ ನೋಡಲ್ಲ."

ಅಲ್ಲೇ ವ್ಯಾನಿನ ಬಾನೆಟ್ ಮೇಲಿಟ್ಟುಕೊಂಡು ಮೂರು ಬ್ಯಾಂಕಿಗೆ ಮೂರು ಅರ್ಜಿ ತುಂಬಿದ. "ಮೂರೂ ಒಟ್ಟಿಗೆ ಎಸೆಯೋಣ. ಒಂದಾದ್ರೂ ಕಚ್ಚತ್ತೆ." ಉದ್ಯೋಗ ಅಂತ ಇದ್ದ ಕಡೆ 'ಟ್ರಾನ್ಸ್‌ಪೋರ್ಟ್ ಬಿಸಿನೆಸ್' ಅಂತ ಬರೆದ.

"ನಾನು ಡ್ರೈವರ್ ಕಣೋ."

"ಡ್ರೈವರ್ ಏನು ಕೇಕ್ ಮಾಡ್ತಾನಾ? ಟ್ರಾನ್ಸ್‌ಪೋರ್ಟೇ ತಾನೆ ಮಾಡೋದು? ಹಾಕು ಸೈನ್."

ಹಾಕಿದೆ. ರೇಷನ್ ಕಾರ್ಡಿನ ಜೆರಾಕ್ಸ್ ಮೂರು ಬೇಕಿತ್ತು. ಅರ್ಜಿ ಮನೆಗೆ ತಂದೆ. ಅದೇ ತಪ್ಪಾಯಿತು.

ನಮ್ಮವ್ವ ಶಿವಗಂಗಮ್ಮ ದಾವಣಗೆರೆ ಕಡೆಯವಳು. ಮೂವತ್ತು ವರ್ಷದ ಹಿಂದೆ ಅಪ್ಪ ಪಾತ್ರೆ ವ್ಯಾಪಾರಕ್ಕೆಂದು ಮದರಾಸಿಗೆ ಕರೆತಂದ. ಅಪ್ಪನೂ ಇಲ್ಲ, ಅಂಗಡಿಯೂ ಇಲ್ಲ, ಅವಳ ಪಂಚಾಂಗ ಮಾತ್ರ ಗಟ್ಟಿಯಾಗಿದೆ. ಅರ್ಜಿ ನೋಡಿದವಳೇ ಕೇಳಿದಳು: "ಏನಿದು?"

"ಕಾರ್ಡಿನ ಅರ್ಜಿ. ನಾಳೆ ಕೊಡಬೇಕು."

"ನಾಳೆ ಅಮಾಸಿ. ನಾಡಿದ್ದಿಂದ ಆಷಾಢ. ಹೊಸ ವ್ಯವಹಾರಕ್ಕ ಕೈ ಹಾಕಬಾರದು."

"ಹೊಸದಲ್ಲ ಬೇ, ಹಳೇ ಸಾಲ. ಜಾಗ ಬದಲಾಯಿಸ್ತೈತಿ, ಅಷ್ಟ."

"ಆಷಾಢದಾಗ ಮನೀನೂ ಬದಲಾಯಿಸಬಾರದು, ಸಾಲಾನೂ ಬದಲಾಯಿಸಬಾರದು."

"ಸರಿ, ಆಷಾಢ ಮುಗಿಯೋದು ಯಾವಾಗ?"

"ಜುಲೈ ಇಪ್ಪತ್ತೈದು. ಆದ್ರ ಅಷ್ಟೊತ್ತಿಗೆ ಇವರ ಆಡಿ ಹುಟ್ಟಿರ್ತೈತಿ. ಅದು ಆಗಸ್ಟ್ ಹದಿನಾರರ ತನಕ."

ನಮ್ಮ ಗೋಡೆಯಲ್ಲಿ ಎರಡು ಕ್ಯಾಲೆಂಡರು. ಒಂದು ಊರಿಂದ ಬಂದ ಕನ್ನಡದ್ದು, ಇನ್ನೊಂದು ದಿನಕ್ಕೊಂದು ಹಾಳೆ ಹರಿಯುವ ತಮಿಳಿನದು. ಪಕ್ಕದ ಪೋರ್ಷನ್ನಿನ ಅಂಬುಜಮ್ಮ ಆ ಎರಡನೆಯದನ್ನು ಅವ್ವನಿಗೆ ಓದಿ ಹೇಳುವವರು. ಎರಡನ್ನೂ ಕೂಡಿಸಿದೆ. ಐವತ್ತೆರಡು ದಿನ! ಕರ್ನಾಟಕದವರಿಗೆ ಒಂದು ತಿಂಗಳು ಕೆಟ್ಟದು, ತಮಿಳರಿಗೆ ಒಂದು ತಿಂಗಳು ಕೆಟ್ಟದು, ನಮ್ಮ ಮನೆಗೆ ಮಾತ್ರ ಎರಡೂ.

"ಒಂದು ಹಿಡಿ ಬೇ! ಯಾವುದಾದ್ರೂ ಒಂದು!"

"ಅಲ್ಲಿ ದೇವರಿಗೂ ಹೆದರಬೇಕು, ಇಲ್ಲಿ ದೇವರಿಗೂ ಹೆದರಬೇಕು. ನನ್ನ ಯಾಕ ಬೈತೀ? ಇಲ್ಲಿಗೆ ಕರ್ಕೊಂಡು ಬಂದಾವ ನಿಮ್ಮಪ್ಪ." ಹೇಳುತ್ತಲೇ ಮೂರೂ ಅರ್ಜಿ ಎತ್ತಿ ದೇವರ ಜಗಲಿಯ ಮೇಲೆ ವಿಭೂತಿ ಗಟ್ಟಿಯ ಕೆಳಗಿಟ್ಟಳು. ಅಲ್ಲಿಂದ ಏನನ್ನಾದರೂ ಎತ್ತುವ ಧೈರ್ಯ ನನಗಿಲ್ಲ. ಸಿಟ್ಟು ಬೇರೆ, ಅದು ಬೇರೆ. ಸ್ಟೀಲ್ ಚೊಂಬು ಎಸೆದೆ, ಅಷ್ಟೇ. ಆವತ್ತಿನಿಂದ ಅವ್ವನ ಜೊತೆ ಮಾತು ಬಿಟ್ಟೆ.

ಎರಡು ದಿನ ಬಿಟ್ಟು ವ್ಯಾನಿನ ಸಾಲ ವಿಚಾರಿಸಲು ಬ್ಯಾಂಕಿಗೆ ಹೋದೆ. ಸಾಲದ ಮೇಜಿನಲ್ಲಿ ಕೃಷ್ಣಮೂರ್ತಿಯವರು. ಮೈಸೂರಿನವರು, ನಿಧಾನ. ಪೆನ್ನಿನ ಕ್ಯಾಪು ತೆಗೆಯುವುದಕ್ಕೇ ಒಂದು ನಿಮಿಷ. ಕನ್ನಡದವನು ಅಂತ ಕೂರಿಸಿ ಎಲ್ಲ ಕೇಳಿದರು. ನಾನು ಮೂರು ಅರ್ಜಿಯ ಕಥೆ, ಅವ್ವ ತಡೆದ ಕಥೆ ಹೇಳಿ ಗೊಣಗಿದೆ.

ಅವರು ಪೆನ್ನು ಕೆಳಗಿಟ್ಟರು. "ಕೊಟ್ಟಿಲ್ಲ ತಾನೆ?"

"ಇಲ್ಲ ಸಾರ್, ಅದೇ ನನ್ನ ಗೋಳು."

"ನಿಮ್ಮ ತಾಯಿಗೊಂದು ನಮಸ್ಕಾರ ಹೇಳಪ್ಪ. ಬೊಂಬಾಯಲ್ಲಿ ಒಂದು ಆಫೀಸಿದೆ. ನೀನು ಯಾವ ಬ್ಯಾಂಕಿಗೆ ಅರ್ಜಿ ಹಾಕಿದ್ರೂ ಅವರು ಅಲ್ಲಿ ನಿನ್ನ ವಿಷಯ ವಿಚಾರಿಸ್ತಾರೆ. ವಿಚಾರಿಸಿದ್ದಕ್ಕೇ ಒಂದು ಗುರುತು ಬೀಳುತ್ತೆ. ಒಂದೇ ವಾರದಲ್ಲಿ ಮೂರು ಗುರುತು ಬಿದ್ರೆ ನಾಲ್ಕನೆಯವನು ಏನು ತಿಳ್ಕೋತಾನೆ?"

"ಇವನಿಗೆ ಕಾಸು ಬೇಕು ಅಂತ."

"ಇವನು ಮುಳುಗ್ತಿದಾನೆ, ಸಿಕ್ಕಿದವರ ಕಾಲು ಹಿಡೀತಿದಾನೆ ಅಂತ. ಆ ನಾಲ್ಕನೆಯವನು ನಾನು."

ನಾನು ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡೆ.

"ಎಲ್ಲಕ್ಕೂ ಒಂದು ಸರದಿ ಇದೆಯಪ್ಪ. ಮೊದಲು ವ್ಯಾನಿನ ಸಾಲ. ಅದು ಕೈಗೆ ಬಂದಮೇಲೆ ಕಾರ್ಡಿನ ಆಟ, ಅದೂ ಒಂದೇ ಅರ್ಜಿ. ಅಲ್ಲೀತನಕ ಹಳೇ ಕಾರ್ಡಿಗೆ ತಾರೀಕು ತಪ್ಪದೆ ಕಟ್ಟು. ಒಂದು ದಿನ ತಡ ಮಾಡಿದ್ರೂ ಅಲ್ಲಿ ಬರೆದಿಟ್ಟಿರ್ತಾರೆ."

"ತಿಂಗಳಿಗೆ ಸಾವಿರ ಬಡ್ಡಿ ಹೋಗ್ತಿದೆ ಸಾರ್!"

"ಹೋಗಲಿ ಬಿಡು. ಎರಡು ಸಾವಿರ ಉಳಿಸೋಕೆ ಹೋಗಿ ವ್ಯಾನು ಕಳ್ಕೋತೀಯ? ಮಿಕ್ಕ ಕಾಗದ ಈಗಲೇ ತಂದ್ಕೊಡು. ಬೊಂಬಾಯಿ ರಿಪೋರ್ಟು ಹದಿನೇಳಕ್ಕೆ ತರಿಸ್ತೀನಿ, ಹದಿನೆಂಟಕ್ಕೆ ರುಜು. ಆಡಿ ತಿಂಗಳಲ್ಲಿ ಗಾಡಿ ಸಾಲಕ್ಕೆ ಯಾರೂ ಈ ಕಡೆ ತಲೆ ಹಾಕಲ್ಲ, ನನಗೂ ಅವಸರ ಇಲ್ಲ."

ಹೊರಗೆ ಬಂದಾಗ ಹಗುರಾಗಿತ್ತು. ಆವತ್ತೇ ಮನೆಗೆ ಹೋಗಿ 'ಅವ್ವಾ, ಆ ಅರ್ಜಿ ಯಾರಿಗೂ ಕೊಡಬ್ಯಾಡ' ಅಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲ. ಮಾತು ಬಿಟ್ಟಿದ್ದೆನಲ್ಲ! ಜ್ಯೋತಿಯ ಕೈಲಿ ಹೇಳಿ ಕಳಿಸಬಹುದಿತ್ತು. ಆದರೆ ಅದು 'ಅವ್ವ ಹೇಳಿದ್ದೇ ಸರಿ' ಅಂದಂತಲ್ಲವೆ? ಅದು ನನ್ನ ಬಾಯಿಂದ ಬರಬೇಕೆ? ಬರಲಿಲ್ಲ.

ಐದು ವಾರ ಮನೆಯಲ್ಲಿ ಜ್ಯೋತಿಯೇ ಟಪಾಲು. ಅವಳು ತಮಿಳಿನಲ್ಲಿ ಓದಿದವಳು, ಕನ್ನಡ ಕೇಳಿಸಿಕೊಂಡು ತಮಿಳಿನಲ್ಲಿ ಉತ್ತರ ಕೊಡುವವಳು. ಅವ್ವ ಒಳಗಿಂದ "ರೊಟ್ಟಿ ಆರತಾವು ಅನ್ನು" ಅನ್ನುವಳು. ಜ್ಯೋತಿ ಬಾಗಿಲಲ್ಲಿ ನಿಂತು "ಅಣ್ಣಾ, ಸಾಪ್ಪಾಡು" ಅಂತ ಊಟಕ್ಕೆ ಕರೆಯುವಳು. ನಾನು "ಹಸಿವಿಲ್ಲ ಅನ್ನು" ಅನ್ನುವೆ. ಆಮೇಲೆ ನಾಲ್ಕು ರೊಟ್ಟಿ ತಿನ್ನುವೆ.

ಆಡಿ ಹುಟ್ಟಿತು. ಹೊಸದಕ್ಕೆ ಕೈ ಹಾಕಬಾರದ ತಿಂಗಳು ತಾನೆ, ಪುರಸೈವಾಕ್ಕಂ ಅಂಗಡಿಯವರು ಅದಕ್ಕೇ ರಿಯಾಯಿತಿ ಬೋರ್ಡು ಹಾಕುತ್ತಾರೆ, ಜನ ಅದಕ್ಕೇ ಮುಗಿಬೀಳುತ್ತಾರೆ. ಮಿಕ್ಸಿ ಕೊಳ್ಳಬಹುದಂತೆ, ವ್ಯಾನು ಕೊಳ್ಳಬಾರದಂತೆ! ನನಗೆ ದಿನಕ್ಕೆ ಹತ್ತು ಟ್ರಿಪ್ಪು.

ಆಗಸ್ಟ್ ಮೂರು, ಗುರುವಾರ. ಹದಿನಾಲ್ಕು ಗ್ರೈಂಡರ್ ಹೇರಿಕೊಂಡು ಎಣ್ಣೂರಿಗೆ ಹೊರಟವನು ಊಟಕ್ಕೆ ಮನೆಗೆ ಬಂದೆ. ತಟ್ಟೆಯಲ್ಲಿ ಚಿತ್ರಾನ್ನ, ಪುಳಿಯೋಗರೆ, ಕಾಯನ್ನ, ಮೊಸರನ್ನ. ಅವ್ವನೇ ಬಡಿಸಿದಳು. ಅವಳೇ ಮಾತಾಡಿದಳು.

"ಇವತ್ತು ಆಡಿ ಹದಿನೆಂಟನೇ ದಿನ, ಪೆರುಕ್ಕಂತ. ಹೊಳಿ ತುಂಬೋ ದಿನ. ಆಡಿಯಾಗ ಇದೊಂದು ದಿನ ಏನು ಮಾಡಿದ್ರೂ ಬೆಳೀತೈತಂತ, ಅಂಬುಜಮ್ಮಾರು ಹೇಳಿದ್ರು. ನಿನ್ನ ಸಿಟ್ಟು ನನಗ ನೋಡಾಕ ಆಗವಲ್ದು ತಮ್ಮಾ. ಅದಕ್ಕ ಮುಂಜಾನೆ ಬಾಬೂನ ಕರೆಸಿ ಮೂರೂ ಅರ್ಜಿ ಕೊಟ್ಟೆ. ವಿಭೂತಿ ಹಚ್ಚೇ ಕೊಟ್ಟೀನಿ."

ತಟ್ಟೆ ಅತ್ತ ತಳ್ಳಿದೆ. "ಅವ್ವಾ!"

"ಯಾಕ? ಖಾರ ಆತೇನು?"

ಎದ್ದು ಕೈ ತೊಳೆದೆ. ಬಾಬುಗೆ ಫೋನು ಮಾಡಿದೆ.

"ಅರ್ಜಿ ಎಲ್ಲೋ?"

"ಆಫೀಸಲ್ಲಿದೆ ತಲೈವಾ, ತ್ರಿಪ್ಲಿಕೇನ್. ಈಗ ಕಟ್ಟು ಕಟ್ತಿದಾರೆ. ಸಾಯಂಕಾಲ ಬ್ಯಾಂಕಿಗೆ ಹೋಗತ್ತೆ. ಸ್ವೀಟ್ ಯಾವಾಗ?"

"ಬಂದೆ. ಸ್ವೀಟ್ ಅಲ್ಲ, ನಿನ್ನ ಹಲ್ಲು ಎಣಿಸೋಕೆ ಬಂದೆ."

ಹದಿನಾಲ್ಕು ಗ್ರೈಂಡರ್ ಹಿಂದೆ ಧಡಧಡ ಅನ್ನುತ್ತ ಊರೆಲ್ಲ ಕಲಕಿದವು. ಎಗ್ಮೋರಿನಲ್ಲಿ ಸಿಗ್ನಲ್ಲು, ಮೌಂಟ್ ರೋಡಿನಲ್ಲಿ ಮೆರವಣಿಗೆ. ಮೂರನೇ ಗೇರು ಆವತ್ತೇ ಮುನಿಸಿಕೊಂಡಿತು. ಅದನ್ನೂ ಬೈದೆ.

ಬಾಬುವಿನ ಆಫೀಸು ಅಂದರೆ ಮೆಸ್ಸಿನ ಮೇಲಿನ ಒಂದು ರೂಮು. ಸಾಂಬಾರಿನ ವಾಸನೆಯಲ್ಲಿ ನಾಲ್ಕು ಮೇಜು, ಗೋಡೆ ತುಂಬ ಟಾರ್ಗೆಟ್ ಚಾರ್ಟು. ಒಡತಿ ಪ್ರೇಮಮ್ಮ ಬಾಗಿಲಿಗೆ ಎದುರಾಗಿ ಕುಳಿತಿದ್ದರು. ಪಕ್ಕದಲ್ಲಿ ದಾರ ಕಟ್ಟಿದ ಅರ್ಜಿಯ ಕಟ್ಟು. ಕೊರಿಯರ್‌ನವನು ಬೆಂಚಿನ ಮೇಲೆ ನಿದ್ದೆ ಹೊಡೆಯುತ್ತಿದ್ದ. ಗಂಟೆ ಎರಡೂಕಾಲು.

"ಇನ್ನೂ ಕಳಿಸಿಲ್ವಾ?" ಅಂದೆ ಏದುಸಿರು ಬಿಡುತ್ತ.

"ರಾಹುಕಾಲ ಇದೆಯಲ್ಲಪ್ಪ, ಮೂರು ಗಂಟೆ ತನಕ. ರಾಹುಕಾಲದಲ್ಲಿ ಕಳಿಸಿದ ಕಟ್ಟಿನಲ್ಲಿ ಒಂದು ಸಲ ನಲವತ್ತು ಅರ್ಜಿ ರಿಜೆಕ್ಟ್ ಆಯ್ತು. ಆವತ್ತಿನಿಂದ ಬಿಟ್ಟೆ," ಅಂದರು ಪ್ರೇಮಮ್ಮ.

"ನನ್ನ ಮೂರು ಅರ್ಜಿ ವಾಪಸ್ ಬೇಕು."

"ಕೊಟ್ಟ ಅರ್ಜಿ ವಾಪಸ್ ಇಲ್ಲ."

"ಕೊಟ್ಟಿದ್ದು ನಮ್ಮವ್ವ!"

"ಹೆತ್ತ ತಾಯಿ ಕೊಟ್ಟಿದ್ದನ್ನ ಬೇಡ ಅಂತೀಯಲ್ಲ, ನಾಚಿಕೆ ಆಗಲ್ವಾ?"

ಬಾಬು ನಡುವೆ ಬಂದ. "ಮಚ್ಚಾ, ಒಂದು ಅರ್ಜಿಗೆ ನನಗೆ ನೂರೈವತ್ತು. ಮೂರಕ್ಕೆ ನಾನೂರೈವತ್ತು. ಇವತ್ತು ಪೆರುಕ್ಕು, ಬೆಳೆಯೋ ದಿನ. ನನ್ನದನ್ನ ಯಾಕೆ ಕುಯ್ತೀಯ?"

"ನಿನ್ನ ನಾನೂರೈವತ್ತಕ್ಕೆ ನನ್ನ ವ್ಯಾನು ಹೋಗತ್ತೆ ಕಣೋ ಲೇಯ್!" ಅಂತ ಕೂಗಿದ ಕೂಗಿಗೆ ಕೊರಿಯರ್‌ನವನು ಎದ್ದು ಕುಳಿತ. ಕೆಳಗೆ ಮೆಸ್ಸಿನಲ್ಲಿ ಯಾರೋ "ಎನ್ನ ಆಚ್ಚು?" ಅಂದರು. ಏನೂ ಆಗಿಲ್ಲ, ಊಟ ಮಾಡಿ ಅಂತ ಮೇಲಿನಿಂದಲೇ ಹೇಳಿ, ಕಟ್ಟು ಎತ್ತಿಕೊಂಡು ದಾರ ಬಿಚ್ಚಿದೆ. ಎಂಬತ್ತು ಅರ್ಜಿ ಇರಬಹುದು. ಹುಡುಕುವುದು ಕಷ್ಟವಾಗಲಿಲ್ಲ. ಬೆಳ್ಳಗೆ ಮೂರು ಬೆರಳಿನ ವಿಭೂತಿ ಎಳೆದ ಕಾಗದ ಎರಡು ಸಿಕ್ಕವು. ಹರಿಯಲು ಕೈ ಎತ್ತಿದೆ.

"ಅಯ್ಯಯ್ಯೋ, ಹರೀಬೇಡ!" ಪ್ರೇಮಮ್ಮ ಕೆನ್ನೆ ಕೆನ್ನೆ ಬಡಿದುಕೊಂಡರು. "ದೇವರ ಮುಂದೆ ಇಟ್ಟಿದ್ದಾ? ಮೊದಲೇ ಹೇಳಬಾರದಾ? ತಗೊಂಡು ಹೋಗು, ನನ್ನ ಆಫೀಸಿನಲ್ಲಿ ಮಾತ್ರ ಹರೀಬೇಡ."

"ಮೂರನೆಯದು?"

ಬಾಬು ಟೈ ಸರಿ ಮಾಡಿಕೊಂಡ. "ಆ ಬ್ಯಾಂಕಿನವನು ಹನ್ನೊಂದಕ್ಕೇ ಬಂದು ಕೈಯಲ್ಲೇ ತಗೊಂಡು ಹೋದ."

ಆವತ್ತು ನಾನು ಮನೆಗೆ ಹೋಗಿ ಕೂಗಾಡಲಿಲ್ಲ. ಬೊಂಬಾಯಿ, ಗುರುತು, ಸರದಿ, ಎಲ್ಲ ಕೂತು ಹೇಳಿದೆ. ಅವ್ವ ಕೇಳಿದಳು, ಸೆರಗಿನ ತುದಿ ಬೆರಳಿಗೆ ಸುತ್ತಿದಳು.

"ಮೊದಲ ಹೇಳಬಾರದಾ?"

"ನೀನು ಮೊದಲ ಕೇಳಬಾರದಾ?"

"ರೆಂಡು ಪೇರುಮೇ ಲೂಸು," ಅಂದಳು ಜ್ಯೋತಿ, ಇಬ್ಬರಿಗೂ ತಲೆ ಸರಿಯಿಲ್ಲ ಅಂತ. ಇಬ್ಬರೂ ಅವಳ ಮೇಲೆ ಬಿದ್ದೆವು.

ಮುಂದಿನ ಎರಡು ವಾರ ನಾನು ವ್ಯಾನನ್ನು ಇನ್ನೊಬ್ಬರ ಮನೆಗೆ ಹೋಗುವ ಹೆಣ್ಣಿನ ಹಾಗೆ ನೋಡಿಕೊಂಡೆ. ಹದಿನೇಳಕ್ಕೆ ಕೃಷ್ಣಮೂರ್ತಿಯವರು ರಿಪೋರ್ಟು ತೆಗೆದರು. ಕಂತು ಒಂದೂ ತಪ್ಪಿಲ್ಲ. ಆದರೆ ಗುರುತು ಬಿದ್ದಿತ್ತು, ಒಂದು.

"ನಾನು ಹೇಳಿದ ಮೇಲೂ ಹಾಕಿದ್ಯಾ?" ಅಂದರು. ಅವರು ಸಿಟ್ಟು ಮಾಡಿದ್ದು ನಾನು ನೋಡಿದ್ದು ಅದೊಂದೇ ಸಲ.

ನಡೆದದ್ದೆಲ್ಲ ಹೇಳಿದೆ. ನಂಬಿದರೋ ಇಲ್ಲವೋ, ಪೆನ್ನಿನ ಕ್ಯಾಪು ಹಾಕಿ ತೆಗೆದು ಮಾಡಿದರು. "ಒಂದಾದ್ದರಿಂದ ದಾರಿ ಇದೆ. ಮ್ಯಾನೇಜರಿಗೆ ಕಾರಣ ಬರೆದುಕೊಡಬೇಕು. ನಾಳೆ ಹತ್ತಕ್ಕೆ ನಿಮ್ಮ ತಾಯೀನ ಕರ್ಕೊಂಡು ಬಾ. ಈ ಕಥೆ ನಾನು ಹೇಳಿದ್ರೆ ಯಾರು ನಂಬ್ತಾರೆ?"

ಶುಕ್ರವಾರ ಹತ್ತಕ್ಕೇ ಹೋದೆವು. ಅವ್ವ ಇಳಕಲ್ ಸೀರೆ ಉಟ್ಟು, ಹಣೆ ತುಂಬ ವಿಭೂತಿ ಹಚ್ಚಿ ಬಂದಿದ್ದಳು. ಮ್ಯಾನೇಜರು ಬಂದದ್ದು ಹತ್ತೂಮುಕ್ಕಾಲಿಗೆ. ತಮಿಳಿನವರು. ಅವ್ವ ತನ್ನ ದಾವಣಗೆರೆ ತಮಿಳಿನಲ್ಲಿ ಅಮಾಸೆಯಿಂದ ಶುರು ಮಾಡಿದಳು. ನಮ್ಮ ಆಷಾಢ, ನಿಮ್ಮ ಆಡಿ, ಅಂಬುಜಮ್ಮ, ಹೊಳಿ ತುಂಬೋ ದಿನ, ಮಗನ ಸಿಟ್ಟು, ಎಸೆದ ಚೊಂಬು. ಚೊಂಬಿನ ಮಾತು ಯಾಕೆ ಬೇಕಿತ್ತು?

ಮ್ಯಾನೇಜರು ಕೇಳಿ ಕೇಳಿ ಒಂದೇ ಪ್ರಶ್ನೆ ಕೇಳಿದರು: "ಎರಡು ತಿಂಗಳೂ ಬಿಡ್ತೀರಾ ಅಮ್ಮಾ? ನಮ್ಮನೇಲಿ ಒಂದಕ್ಕೇ ಜಗಳ." ಕೃಷ್ಣಮೂರ್ತಿಯವರ ಕಾಗದದ ಮೇಲೆ ರುಜು ಹಾಕಿ ಒಳಗೆ ಹೋದರು.

ಕೃಷ್ಣಮೂರ್ತಿಯವರು ನನ್ನ ಮುಂದೆ ಸಾಲದ ಕಾಗದ ಹರಡಿದರು. "ಕಳಿಸಿದ ಅರ್ಜಿಗೆ ಕಾರ್ಡು ಬಂದ್ರೆ ಬಿಡಬೇಡ. ಗುರುತಂತೂ ಬಿದ್ದಾಗಿದೆ. ಎಷ್ಟು ಹಿಡಿಸುತ್ತೋ ಅಷ್ಟು ಸಾಲ ಅದಕ್ಕೆ ಸಾಗಿಸು, ಬಡ್ಡಿ ಶುರುವಾಗೋ ಮುಂಚೆ ತೀರಿಸು. ಆದ್ರೆ ತಾಯಿ, ಇನ್ನು ಆರು ತಿಂಗಳು ಇವನು ಬೇರೆ ಯಾವ ಅರ್ಜೀನೂ ಹಾಕಬಾರದು. ನೀವೂ ಹಾಕಬಾರದು."

"ಆರು ತಿಂಗಳಾಗ ಪಕ್ಷಮಾಸ ಬರ್ತೈತಿ, ಧನುರ್ಮಾಸ ಬರ್ತೈತಿ," ಅಂದಳು ಅವ್ವ. "ನೀವು ಹಾಕು ಅಂದ್ರೂ ನಾ ಬಿಡಂಗಿಲ್ರೀ ಸಾಹೇಬ್ರ."

ಪೆನ್ನು ಎತ್ತಿಕೊಂಡೆ. ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಹತ್ತು. ಶುಕ್ರವಾರ, ರಾಹುಕಾಲ ಹತ್ತೂವರೆಯಿಂದ ಹನ್ನೆರಡು. ನಾನು ಅವ್ವನ ಮುಖ ನೋಡಿದೆ. ಇಲ್ಲಿಂದ ಅಯನಾವರಂಗೆ, ಗಂಗಾಧರಣ್ಣನ ಶೆಡ್ಡಿಗೆ, ಇಪ್ಪತ್ತೈದು ನಿಮಿಷ ಬೇಕು. ಅವಳೀಗ 'ತಡಿ' ಅಂದರೆ ವ್ಯಾನು ತಾಂಬರಂಗೆ ಹೋದಂತೆಯೇ. ನನ್ನ ಕೂಗು ಗಂಟಲ ತನಕ ಬಂದು ತಯಾರಾಗಿ ನಿಂತಿತ್ತು.

ಅವ್ವ ಗಡಿಯಾರವನ್ನು ಬಹಳ ಹೊತ್ತು ನೋಡಿದಳು.

"ಈ ಗಡಿಯಾರ ಸರಿ ಇಲ್ಲೇನ್ರೀ? ನನಗ್ಯಾಕೋ ಹತ್ತೂಕಾಲು ಇರಬೇಕು ಅನಿಸ್ತೈತಿ."

ಕೃಷ್ಣಮೂರ್ತಿಯವರು ತಮ್ಮ ಕೈಗಡಿಯಾರದ ಮೇಲೆ ಮೆಲ್ಲಗೆ ತೋಳು ಎಳೆದುಕೊಂಡರು. "ಹೌದು ತಾಯಿ, ಸ್ವಲ್ಪ ಮುಂದೆ ಓಡುತ್ತೆ."

"ಹಂಗಾರ ರಾಹುಕಾಲ ಇನ್ನೂ ಹುಟ್ಟಿಲ್ಲ. ಹಾಕಲೇ ರುಜು, ನನ್ನ ಮಾರಿ ಏನು ನೋಡ್ತೀ?"

ಹನ್ನೊಂದು ಕಡೆ ರುಜು ಹಾಕಿದೆ. ಆಟೋದಲ್ಲಿ ಅವ್ವ ಮಂಜೂರಾತಿ ಕಾಗದವನ್ನು ಎರಡೂ ಕೈಲಿ ಎದೆಗೊತ್ತಿ ಹಿಡಿದು ಕುಳಿತಿದ್ದಳು. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಶೆಡ್ಡು ಮುಟ್ಟಿದೆವು.

ಗಂಗಾಧರಣ್ಣ ಕಾಗದವನ್ನು ಎರಡು ಸಲ ಓದಿದರು, ಬೆನ್ನು ತಟ್ಟಿದರು, ತಾಂಬರಂನವನಿಗೆ ಫೋನು ಮಾಡಿ ಬರಬೇಡ ಅಂದರು. ಕೀ ತೆಗೆಯಲು ಡ್ರಾಯರಿಗೆ ಕೈ ಹಾಕಿದವರು ಹಾಗೇ ನಿಂತರು.

"ಹತ್ತು ನಿಮಿಷ ಕೂತ್ಕೊಳ್ಳಿ ಶಿವಗಂಗಮ್ಮಾರೆ. ರಾಹುಕಾಲ ಮುಗೀಲಿ, ಕೀ ಕೊಡ್ತೀನಿ."

"ಮತ್ತ? ಅದು ನೋಡಲೇಬೇಕಲ್ಲ ಗಂಗಾಧರಪ್ಪ," ಅಂದಳು ಅವ್ವ, ಕಣ್ಣು ಮಿಟುಕಿಸದೆ. ಸೆರಗು ಸರಿಮಾಡಿಕೊಂಡು ಬೆಂಚಿನ ಮೇಲೆ ನೆಟ್ಟಗೆ ಕುಳಿತಳು. "ನಮ್ಮ ಹುಡುಗಗ ಇದ ತಿಳಿಯಂಗಿಲ್ಲ ನೋಡು. ಎಲ್ಲದಕ್ಕೂ ಅವಸರ."